ಮಂಡಿಯಿಂದ ಪ್ರಜಾಪ್ರತಿನಿಧಿ ಸಭೆಗೆ

1881ರ ಆಗಸ್ಟ್ 25ರಂದು ಮೈಸೂರು ಸರ್ಕಾರ ಒಂದು ಆಜ್ಞೆ ಹೊರಡಿಸಿತು. ದಸರೆ ಮುಗಿದೊಡನೆ ಮೈಸೂರಿನಲ್ಲಿ ಒಂದು ಸಭೆ ಸೇರಲಿದೆ; ಪ್ರತಿ ತಾಲ್ಲೂಕಿನಿಂದ ನಾಲ್ಕು ಜನ ಮಾತು ಕೇಳುವಂಥ, ತಿಳಿವಳಿಕೆಯುಳ್ಳ ಒಬ್ಬಿಬ್ಬರು ಸಾಗುವಳಿದಾರರನ್ನೂ, ಜಿಲ್ಲೆಗೆ ಮೂರು ನಾಲ್ಕು ಮಂದಿ ಮುಖ್ಯ ವರ್ತಕರನ್ನೂ ಲೋಕಲ್ ಫಂಡ್ ಸಮಿತಿಗಳು ಆರಿಸಿ ಕಳಿಸಬೇಕು ಎಂಬುದು ಅದರ ಸಾರ. ಹೋದ ವರ್ಷ ಸರ್ಕಾರ ಏನು ಮಾಡಿತು, ಬರುವ ವರ್ಷ ಏನು ಮಾಡಬೇಕೆಂದಿದೆ ಎಂಬುದನ್ನು ದಿವಾನರು ಅವರ ಮುಂದಿಡುತ್ತಾರೆ. ಅವರು ತಮ್ಮ ಕಡೆಯ ಕಷ್ಟಸುಖ ಹೇಳಿಕೊಳ್ಳಬಹುದು. ಆಜ್ಞೆಯಲ್ಲಿ ಇದ್ದದ್ದು ಇಷ್ಟೇ. ಆದರೆ ತಕ್ಕಡಿ ಹಿಡಿದು ಕೂತ ವರ್ತಕನನ್ನು, ನೇಗಿಲ ಮನೆತನದ ರೈತನನ್ನು ರಾಜ್ಯದ ಲೆಕ್ಕ ಕೇಳಲು ಸರ್ಕಾರವೇ ಕರೆದದ್ದು ಈ ನಾಡಿನಲ್ಲಿ ಹೊಸದು.

ಎಷ್ಟು ಹೊಸದು ಎಂಬುದು ತಿಳಿಯಬೇಕಾದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆಯನ್ನೂ ಅಧಿಕಾರಿಗಳ ಕಿರುಕುಳವನ್ನೂ ತಾಳಲಾರದೆ ಕೂಟ ಸೇರಿದರು. ಹೊಸಂತೆ, ಬಸವಾಪಟ್ಟಣದ ಕಡೆಯ ಆ ಕೂಟಗಳು ಮೊದಲಿಗೆ ಅಹವಾಲು ಹೇಳಿಕೊಳ್ಳಲು ಸೇರಿದವು. ಅಹವಾಲು ಕೇಳುವವರಿರಲಿಲ್ಲ. ದಂಡು ಬಂತು, ದಂಗೆ ಹಬ್ಬಿತು, ಕಡೆಗೆ ಬ್ರಿಟಿಷ್ ಸೈನ್ಯವೂ ಇಳಿಯಿತು. ಅದನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಕಂಪನಿ ಸರ್ಕಾರ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡಿತು. ರೈತನ ಮಾತು ಕೇಳಲು ಜಾಗವೇ ಇಲ್ಲದ್ದರಿಂದ ರಾಜ್ಯವೇ ಕೈತಪ್ಪಿತೆಂದರೆ ಉತ್ಪ್ರೇಕ್ಷೆಯಲ್ಲ. ಮುಂದಿನ ಐವತ್ತು ವರ್ಷ ಮೈಸೂರನ್ನು ಕಮಿಷನರುಗಳು ಆಳಿದರು. ರಸ್ತೆ, ಸೇತುವೆ, ಕಚೇರಿ, ಕಾನೂನು ಎಲ್ಲವೂ ಬಂದವು. ಪ್ರಜೆ ಬಂದು ಕೂತು ಮಾತಾಡುವ ಜಾಗ ಮಾತ್ರ ಬರಲಿಲ್ಲ.

ಆ ಕೊರತೆಗೆ ತೆತ್ತ ಬೆಲೆ ದೊಡ್ಡದು. 1876ರಿಂದ 78ರವರೆಗಿನ ಬರವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರ ಎಂದು ಸಂವತ್ಸರದ ಹೆಸರಲ್ಲೇ ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಮೇಲ್ಪಟ್ಟು ಜನರಿದ್ದರು; 1881ರಲ್ಲಿ ಎಣಿಸಿದಾಗ 42 ಲಕ್ಷವೂ ತುಂಬಲಿಲ್ಲ. ಸುಮಾರು ಹತ್ತು ಲಕ್ಷ ಜನ ಆ ಬರಕ್ಕೆ ತುತ್ತಾದರೆಂದು ಲೆಕ್ಕ. ಮದರಾಸಿನಿಂದ ಬರುವ ರೈಲು 1864ರಲ್ಲೇ ಬೆಂಗಳೂರು ಮುಟ್ಟಿತ್ತು. ಅಲ್ಲಿಂದ ಮುಂದಕ್ಕೆ ಧಾನ್ಯ ಸಾಗಬೇಕಾದರೆ ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೂ ಸಾಯುತ್ತಿದ್ದ ಹೊತ್ತಿನಲ್ಲಿ ಗಾಡಿ ಕಟ್ಟುವವರಾದರೂ ಯಾರು? ಬರ ಮುಗಿದಾಗ ಸಂಸ್ಥಾನದ ಬೊಕ್ಕಸ ಬರಿದಾಗಿ, ಮೇಲೆ 80 ಲಕ್ಷ ರೂಪಾಯಿ ಸಾಲವಿತ್ತು.

ಹೀಗೆ ಅರೆಜೀವವಾದ ನಾಡನ್ನು 1881ರ ಮಾರ್ಚ್ 25ರಂದು ಬ್ರಿಟಿಷರು ಚಾಮರಾಜ ಒಡೆಯರಿಗೆ ಒಪ್ಪಿಸಿದರು. ಒಡೆಯರಿಗೆ ಆಗ ಹದಿನೆಂಟು ವರ್ಷ. ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷವಿದ್ದ ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಷರತ್ತೂ ಇತ್ತು. ಬರದ ಪೆಟ್ಟು ಕಂಡು ಏರಿಕೆಯನ್ನು ಕೆಲವು ವರ್ಷ ಮುಂದೂಡಿದರು. ದಿವಾನರಾದವರು ಸಿ. ವಿ. ರಂಗಾಚಾರ್ಲು. ಚೆಂಗಲ್ಪಟ್ಟಿನ ಕಡೆಯವರು, ಮದರಾಸಿನ ಕಂದಾಯ ಇಲಾಖೆಯಲ್ಲಿ ಪಳಗಿದವರು, 1868ರಲ್ಲಿ ಅರಮನೆಯ ಲೆಕ್ಕಪತ್ರ ಸರಿಪಡಿಸಲು ಬಂದು ಇಲ್ಲೇ ನೆಲೆಸಿದವರು. ಹುದ್ದೆಗಳನ್ನು ಕಡಿತ ಮಾಡಿ, ಖರ್ಚು ಹಿಡಿದು ರಾಜ್ಯವನ್ನು ಉಳಿಸುವುದು ಅವರ ಮೊದಲ ಕೆಲಸವಾಗಿತ್ತು. ಅಂಥ ಹೊತ್ತಿನಲ್ಲೇ ಅವರಿಗೆ ಪ್ರಜಾಪ್ರತಿನಿಧಿ ಸಭೆಯ ಯೋಚನೆ ಬಂದದ್ದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಸಾಲದಲ್ಲಿರುವ ಸರ್ಕಾರಕ್ಕೆ ಪ್ರಜೆಗಳ ನಂಬಿಕೆ ಬೇಕು. ಬೆಂಗಳೂರು ಮೈಸೂರು ರೈಲು ಹಾದಿ ಮುಗಿಯಬೇಕಿತ್ತು, ಆಚೆಗೆ ಇನ್ನಷ್ಟು ಹಾದಿ ಹಾಕಬೇಕಿತ್ತು, ಅದಕ್ಕೆ ನಾಡಿನೊಳಗೇ ಹಣ ಎತ್ತಬೇಕಿತ್ತು. ಹಣ ಯಾರ ಹತ್ತಿರ ಇದೆ, ಯಾವ ಪೇಟೆಯಲ್ಲಿ ರಾಗಿ ಎಷ್ಟಕ್ಕೆ ನಡೆಯುತ್ತಿದೆ, ಯಾವ ರಸ್ತೆ ಮಳೆಗಾಲದಲ್ಲಿ ಕೈಕೊಡುತ್ತದೆ ಎಂಬುದೆಲ್ಲ ಅಮಲ್ದಾರರ ಕಡತಕ್ಕಿಂತ ಮಂಡಿ ವರ್ತಕನಿಗೆ ಚೆನ್ನಾಗಿ ಗೊತ್ತು. ಆಜ್ಞೆಯಲ್ಲಿ ವರ್ತಕರನ್ನು ಬೇರೆಯಾಗಿ ಹೆಸರಿಸಿದ್ದರ ಹಿಂದೆ ಈ ವ್ಯವಹಾರಜ್ಞಾನವಿತ್ತು. ಬೇಸಾಯವೂ ಕೈಗಾರಿಕೆಯೂ ಜೊತೆಜೊತೆಗೆ ಬೆಳೆಯದೆ ಯಾವ ನಾಡೂ ಏಳಿಗೆಯಾಗದು ಎಂದು ರಂಗಾಚಾರ್ಲು ಗಟ್ಟಿಯಾಗಿ ನಂಬಿದ್ದರು, ಸಭೆಯ ಮುಂದೆ ಅದನ್ನು ಹೇಳಿಯೂ ಹೇಳಿದರು.

1881ರ ಅಕ್ಟೋಬರ್ 7ರಂದು ಮೊದಲ ಸಭೆ ಸೇರಿತು. ಬಂದ ಪ್ರತಿನಿಧಿಗಳು 144 ಮಂದಿ. ಬೆಂಗಳೂರಿನಿಂದ ಮೈಸೂರಿಗೆ ರೈಲು ಓಡಲು ಇನ್ನೂ ಕೆಲವು ತಿಂಗಳಿತ್ತು, ಹಾಗಾಗಿ ಮಲೆನಾಡಿನಿಂದಲೂ ಬಯಲುಸೀಮೆಯಿಂದಲೂ ಬಂದವರಿಗೆ ಗಾಡಿ ಕುದುರೆಗಳೇ ಆಸರೆ. ದಸರೆಯ ಒಡ್ಡೋಲಗದಲ್ಲಿ ಅರಸರಿಗೆ ನಜರು ಒಪ್ಪಿಸಿ ಹಿಂತಿರುಗುವುದು ಹಳೆಯ ರೂಢಿ. ಅಂದು ಆದದ್ದು ಬೇರೆ. ದಿವಾನರು ಎದ್ದು ನಿಂತು ರಾಜ್ಯದ ಆದಾಯ ಎಷ್ಟು, ಖರ್ಚು ಎಷ್ಟು, ಸಾಲ ಎಷ್ಟು, ಯಾವ ಖರ್ಚನ್ನು ಏಕೆ ಇಳಿಸಿದ್ದೇವೆ ಎಂದು ವಿವರಿಸಿದರು. ಅಲ್ಲಿ ಕೂತಿದ್ದ ವರ್ತಕರಿಗೆ ಆಯವ್ಯಯ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೀಪಾವಳಿಗೆ ಲೆಕ್ಕದ ಪುಸ್ತಕ ಮುಗಿಸಿ ಹೊಸದನ್ನು ಪೂಜಿಸುವ ಜನ ಅವರು. ತಮ್ಮದೇ ಅಂಗಡಿಯ ಪಾಲುದಾರ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವಂತೆ ಸರ್ಕಾರ ತಮಗೆ ಲೆಕ್ಕ ಒಪ್ಪಿಸುವುದನ್ನು ಅವರು ಅಂದು ಮೊದಲ ಬಾರಿಗೆ ಕಂಡರು.

ಸಭೆಗೆ ಅಧಿಕಾರವೆಂಬುದು ಏನೂ ಇರಲಿಲ್ಲ. ಮತ ಹಾಕುವಂತಿಲ್ಲ, ಕಾನೂನು ಮಾಡುವಂತಿಲ್ಲ, ದಿವಾನರೇ ಅಧ್ಯಕ್ಷರು. ತಮ್ಮ ತಾಲ್ಲೂಕಿನ ಕೆರೆ ಕೋಡಿ ಒಡೆದಿದೆ, ಅರಣ್ಯದ ನಿಯಮದಿಂದ ಸೌದೆಗೂ ಕಷ್ಟ, ಸಂತೆಗೆ ಹೋಗುವ ದಾರಿ ಹಾಳಾಗಿದೆ ಎಂದು ಪ್ರತಿನಿಧಿ ಹೇಳಬಹುದು. ಸರ್ಕಾರ ಉತ್ತರ ಕೊಡುತ್ತದೆ. ಅಷ್ಟೇ ಎನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. ನನಗೆ ಆ ಉತ್ತರ ಕೊಡುವ ಕೆಲಸವೇ ದೊಡ್ಡದಾಗಿ ಕಾಣುತ್ತದೆ. ನಾಲ್ಕು ಜನರ ಮುಂದೆ ಕೊಟ್ಟ ಉತ್ತರ ಮರುವರ್ಷದ ದಸರೆಗೆ ಪ್ರಶ್ನೆಯಾಗಿ ತಿರುಗಿ ಬರುತ್ತದೆ. ಕಾಂಗ್ರೆಸ್ಸಿನ ಮೊದಲ ಅಧಿವೇಶನ ಬೊಂಬಾಯಿಯಲ್ಲಿ 72 ಪ್ರತಿನಿಧಿಗಳೊಂದಿಗೆ ನಡೆದದ್ದು 1885ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಮೈಸೂರಿನ ರೈತ ವರ್ತಕರು ಹಲವು ದಸರೆಗಳಲ್ಲಿ ಕೂತು ಮಾತಾಡಿ ಬಂದಿದ್ದರು.

ಆದರೆ ಆ 1881ರ ಆಜ್ಞೆಯನ್ನು ಮತ್ತೊಮ್ಮೆ ಓದಿದರೆ ಅದರಲ್ಲಿ ಇಲ್ಲದವರ ಸಾಲು ಕಣ್ಣಿಗೆ ಬೀಳುತ್ತದೆ. ಭೂಮಿಯುಳ್ಳವನನ್ನು ಕರೆದಿದೆ, ಸರಕುಳ್ಳವನನ್ನು ಕರೆದಿದೆ. ಸರಕು ಮಾಡುವವನನ್ನು ಕರೆದಿಲ್ಲ. ಕುಂಬಾರನನ್ನೇ ನೋಡಿ. ಮೈಸೂರಿನ ವಾಯವ್ಯಕ್ಕೆ, ಮೇಟಗಳ್ಳಿ, ಹೆಬ್ಬಾಳುಗಳ ಮಗ್ಗುಲಿಗಿರುವ ಕುಂಬಾರಕೊಪ್ಪಲು ಈಗ ನಗರದೊಳಗೇ ಸೇರಿಹೋಗಿದೆ, ಸುತ್ತ ಕೈಗಾರಿಕಾ ಬಡಾವಣೆಗಳಿವೆ. ದಸರೆ ಸಭೆ ಸೇರಿದ ಕಾಲಕ್ಕೆ ಅದು ಊರ ಹೊರಗಿನ ಕೊಪ್ಪಲು. ಸಭೆ ನಡೆಯುವ ಜಾಗಕ್ಕೆ ನಡೆದೇ ಹೋಗಬಹುದಾದಷ್ಟು ಹತ್ತಿರ. ಆದರೂ ಆಜ್ಞೆಯ ಲೆಕ್ಕದಲ್ಲಿ ತಿಗರಿಯ ಕಸುಬು ಶಿವಮೊಗ್ಗದ ಅಡಿಕೆ ಮಂಡಿಗಿಂತ ದೂರದಲ್ಲಿತ್ತು.

ಕಸುಬುದಾರ ಊರಿಗೆ ಬೇಡವಾದವನೇನಲ್ಲ. ನಮ್ಮ ಹಳ್ಳಿಗಳ ಹಳೆಯ ಕಟ್ಟಿನಲ್ಲಿ ಹನ್ನೆರಡು ಮಂದಿ ಆಯಗಾರರಿದ್ದರು. ಪಟ್ಟಿ ಊರಿಂದೂರಿಗೆ ಚೂರು ಬದಲಾದರೂ ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿಗಳ ಜೊತೆಗೆ ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ ಇದ್ದೇ ಇರುತ್ತಿದ್ದರು. ಸುಗ್ಗಿಯಲ್ಲಿ ಕಣದಲ್ಲಿ ರಾಶಿ ಬಿದ್ದಾಗ ಅವರವರ ಆಯ ಅವರಿಗೆ ಸಲ್ಲುತ್ತಿತ್ತು. ಈ ಹನ್ನೆರಡರಲ್ಲಿ ಗೌಡ, ಶಾನುಭೋಗರನ್ನು ಸರ್ಕಾರ ತನ್ನ ಕೈಗಳನ್ನಾಗಿ ಮಾಡಿಕೊಂಡಿತು. ಉಳಿದವರು ಕಣದ ಆಯವನ್ನೇ ನಂಬಿದ್ದರು. ಬೆಳೆ ಹೋದ ವರ್ಷ ರೈತನ ಕಣ ಬರಿದಾದರೆ ಕುಂಬಾರನ ಆಯವೂ ಬರಿದು. ಅವನ ಹೆಸರಿಗೆ ಮಾಫಿ ಮಾಡಲು ಕಂದಾಯವೂ ಇರಲಿಲ್ಲ, ಅಡವಿಡಲು ಭೂಮಿಯೂ ಇರಲಿಲ್ಲ. ಧಾತು ಈಶ್ವರದ ಬರದ ನೋವನ್ನು ಸಭೆಯಲ್ಲಿ ಹೇಳಬೇಕಾಗಿದ್ದವರಲ್ಲಿ ಅವನೂ ಒಬ್ಬ. ಹಾಗೆಂದು ತೆರಿಗೆ ಅವನ ಪೈಕಿಯವರನ್ನು ಬಿಟ್ಟಿರಲಿಲ್ಲ. ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲೆ ಮೊಹತರ್ಫಾ ಎಂಬ ಪಟ್ಟಿ ಇತ್ತು. ತೆರಿಗೆ ವಸೂಲಿಗೆ ಸರ್ಕಾರದ ಕಣ್ಣಿಗೆ ಬೀಳುತ್ತಿದ್ದ ಕಸುಬುದಾರ, ಸಭೆಗೆ ಕರೆಯುವಾಗ ಬೀಳಲಿಲ್ಲ.

ಕಸುಬುದಾರನೊಬ್ಬ ಶಾಸನಸಭೆಗೆ ಬರುವುದು ಆಗದ ಮಾತೇ? ಅಮೆರಿಕದಲ್ಲಿ ಒಬ್ಬ ಚಮ್ಮಾರ ಅದನ್ನು ಮಾಡಿ ತೋರಿಸಿದ್ದ. ಅವನ ಕತೆಯನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಮೈಸೂರಿನ ಸಭೆಯ ಬಾಗಿಲು ಹೇಗಿತ್ತೆಂದು ಅದರಿಂದ ಇನ್ನೂ ತಿಳಿಯಾಗುತ್ತದೆ.

ರೋಜರ್ ಶೆರ್ಮನ್ ಹುಟ್ಟಿದ್ದು 1721ರಲ್ಲಿ, ಮ್ಯಾಸಚೂಸೆಟ್ಸಿನ ನ್ಯೂಟನ್ ಎಂಬಲ್ಲಿ. ಅಪ್ಪ ಬೇಸಾಯಗಾರ, ಜೊತೆಗೆ ಜೋಡು ಹೊಲಿಯುವ ಕೆಲಸ. ಮಗನಿಗೂ ಅದೇ ಕಸುಬು. ಶಾಲೆಯ ಓದು ಹೆಚ್ಚು ದಕ್ಕಲಿಲ್ಲ. ಊರಿನ ಪಾದ್ರಿಯೊಬ್ಬರ ಪುಸ್ತಕಗಳೇ ಅವನ ಕಾಲೇಜು. ಇಪ್ಪತ್ತರ ಹೊತ್ತಿಗೆ ಅಪ್ಪ ತೀರಿಹೋದ. 1743ರಲ್ಲಿ ಮನೆಮಂದಿ ಕನೆಕ್ಟಿಕಟ್ಟಿನ ನ್ಯೂ ಮಿಲ್‌ಫರ್ಡಿಗೆ ವಲಸೆ ಹೋದರು. ಶೆರ್ಮನ್ ಚಮ್ಮಾರಿಕೆಯ ಹತಾರಗಳನ್ನು ಬೆನ್ನಿಗೆ ಹಾಕಿಕೊಂಡು ಅಷ್ಟು ದೂರವೂ ನಡೆದೇ ಹೋದ ಎಂದು ಅಲ್ಲಿನವರು ಹೇಳುತ್ತಾರೆ. ಅಣ್ಣನ ಜೊತೆ ಅಂಗಡಿ ಇಟ್ಟ. ಗಣಿತ ಚೆನ್ನಾಗಿತ್ತು, 1745ರಲ್ಲಿ ಭೂಮಾಪನದ ಅಧಿಕಾರಿಯಾದ. ಪಂಚಾಂಗಗಳನ್ನು ತಾನೇ ಗುಣಿಸಿ ಅಚ್ಚು ಹಾಕಿಸಿದ. ಕಾನೂನನ್ನು ಸ್ವಂತ ಓದಿನಿಂದ ಕಲಿತು 1754ರಲ್ಲಿ ವಕೀಲನಾದ, ಮರುವರ್ಷವೇ ಕನೆಕ್ಟಿಕಟ್ ವಸಾಹತಿನ ಶಾಸನಸಭೆಗೆ ಆಯ್ಕೆಯಾದ.

ಅಲ್ಲಿಂದ ಮುಂದಿನದು ಅಮೆರಿಕದ ಇತಿಹಾಸವೇ. 1774ರಲ್ಲಿ ಎಲ್ಲ ವಸಾಹತುಗಳ ಕಾಂಗ್ರೆಸ್ಸಿಗೆ ಹೋದ. ಸ್ವಾತಂತ್ರ್ಯ ಘೋಷಣೆಯ ಕರಡು ಮಾಡಲು ನೇಮಿಸಿದ ಐವರಲ್ಲಿ ಜೆಫರ್ಸನ್, ಫ್ರಾಂಕ್ಲಿನ್, ಆಡಮ್ಸ್ ಜೊತೆಗೆ ಅವನೂ ಇದ್ದ. 1787ರಲ್ಲಿ ಸಂವಿಧಾನ ರಚಿಸಲು ಸೇರಿದ ಸಭೆ ದೊಡ್ಡ ರಾಜ್ಯ, ಸಣ್ಣ ರಾಜ್ಯಗಳ ಜಗಳದಲ್ಲಿ ಮುರಿದುಬೀಳುವಂತಾದಾಗ, ಒಂದು ಮನೆಯಲ್ಲಿ ಜನಸಂಖ್ಯೆಗೆ ತಕ್ಕ ಸ್ಥಾನ, ಇನ್ನೊಂದರಲ್ಲಿ ಎಲ್ಲ ರಾಜ್ಯಕ್ಕೂ ಸಮ ಸ್ಥಾನ ಎಂಬ ರಾಜಿಸೂತ್ರವನ್ನು ಹಿಡಿದು ನಿಂತವರಲ್ಲಿ ಅವನು ಮುಖ್ಯ. 1774ರ ಒಡಂಬಡಿಕೆ, ಸ್ವಾತಂತ್ರ್ಯ ಘೋಷಣೆ, ಒಕ್ಕೂಟದ ಕರಾರು, ಸಂವಿಧಾನ, ಈ ನಾಲ್ಕಕ್ಕೂ ರುಜು ಹಾಕಿದವನು ಅವನೊಬ್ಬನೇ. ಮೊದಲ ಪ್ರತಿನಿಧಿಸಭೆಯಲ್ಲಿ ಕೂತು, ಆಮೇಲೆ ಸೆನೆಟ್ ಸದಸ್ಯನಾಗಿದ್ದಾಗಲೇ 1793ರಲ್ಲಿ ತೀರಿಕೊಂಡ.

ಕಸುಬಿನವನೊಬ್ಬ ತನ್ನ ಬುದ್ಧಿಯಿಂದ ಮೇಲೆ ಬಂದ ಕತೆಯೆಂದು ಇದನ್ನು ಹೇಳುವುದು ವಾಡಿಕೆ. ಅದು ನಿಜ. ಆದರೆ ಕನೆಕ್ಟಿಕಟ್ಟಿನಲ್ಲಿಯೂ ಮತ ಹಾಕಬೇಕಾದರೆ ವರ್ಷಕ್ಕೆ ನಲವತ್ತು ಷಿಲಿಂಗ್ ಹುಟ್ಟುವ ಭೂಮಿ ಇರಬೇಕಾಗಿತ್ತು, ಇಲ್ಲವೇ ನಲವತ್ತು ಪೌಂಡ್ ಬೆಲೆಯ ಆಸ್ತಿ. ಶೆರ್ಮನ್ ಉಳಿ ರಂಪಿಗೆ ಹಿಡಿದೇ ಇದ್ದಿದ್ದರೆ ಸಭೆಯ ಮೆಟ್ಟಿಲು ಹತ್ತುತ್ತಿದ್ದನೋ ಇಲ್ಲವೋ. ಭೂಮಿ ಅಳೆಯುವ ಕೆಲಸ ಅವನಿಗೆ ಭೂಮಿಯನ್ನೂ ಕೊಡಿಸಿತು. ಇನ್ನೊಂದು ಮಾತು. 1787ರ ಆ ಸಭೆಯಲ್ಲಿ ಜನರೇ ನೇರವಾಗಿ ಪ್ರತಿನಿಧಿಗಳನ್ನು ಆರಿಸುವುದನ್ನು ವಿರೋಧಿಸಿದವರಲ್ಲಿ ಶೆರ್ಮನ್ನನೂ ಇದ್ದ. ಸರ್ಕಾರದ ಕೆಲಸದಲ್ಲಿ ಜನರ ನೇರ ಕೈ ಆದಷ್ಟು ಕಡಿಮೆಯಿರಲಿ, ಅವರಿಗೆ ತಿಳಿವಳಿಕೆ ಸಾಲದು, ದಾರಿ ತಪ್ಪಿಸುವುದು ಸುಲಭ ಎಂಬುದು ಅವನ ವಾದ. ಕಸುಬಿನಿಂದ ಬಂದವನು ಕಸುಬಿನವರಿಗಾಗಿ ಬಾಗಿಲು ತೆರೆದಿಡುತ್ತಾನೆಂದು ನಾವು ಆಸೆಪಡುತ್ತೇವೆ. ಆ ಆಸೆಯನ್ನು ಅವನು ಈಡೇರಿಸಲಿಲ್ಲ.

ಮೈಸೂರಿನಲ್ಲೂ ಆದದ್ದು ಹೆಚ್ಚುಕಡಿಮೆ ಹಾಗೆಯೇ. ರಂಗಾಚಾರ್ಲು ಎರಡೇ ಸಭೆ ನಡೆಸಿ 1883ರ ಜನವರಿಯಲ್ಲಿ ತೀರಿಹೋದರು. ಅವರ ನೆನಪಿಗೆ 1884ರಲ್ಲಿ ಕಟ್ಟಿದ ಭವನವನ್ನೇ ಮೈಸೂರಿನವರು ಈಗ ಪುರಭವನ ಎನ್ನುವುದು. ಅವರ ನಂತರ ಬಂದ ಕೆ. ಶೇಷಾದ್ರಿ ಅಯ್ಯರ್ 1901ರವರೆಗೆ, ಹದಿನೆಂಟು ವರ್ಷ, ದಿವಾನರಾಗಿದ್ದರು. ಅವರ ಕಾಲದಲ್ಲಿ ಸಭೆಗೆ ಬರಲು ಅರ್ಹತೆಯ ಅಳತೆಗೋಲು ಬಂತು. ಇಷ್ಟು ಕಂದಾಯ ಕಟ್ಟುವವನು, ಇಷ್ಟು ಮೊಹತರ್ಫಾ ಕಟ್ಟುವವನು, ಆಸ್ತಿಯುಳ್ಳ ಪದವೀಧರ ಎಂದು ಗೊತ್ತುಮಾಡಿದರು. 1890ರ ದಶಕದ ಆರಂಭದಲ್ಲಿ ನಾಮಕರಣದ ಬದಲು ಚುನಾವಣೆ ಬಂತು. ಇದು ದೊಡ್ಡ ಹೆಜ್ಜೆ. ದೇಶದ ಬೇರೆ ಸಂಸ್ಥಾನಗಳಲ್ಲಿ ಅಂಥದೊಂದು ಕನಸಿನಲ್ಲೂ ಇರಲಿಲ್ಲ. ಆದರೆ ಅಳತೆಗೋಲಿನ ಗುಣವೇ ಹಾಗೆ: ಸಾಮಾನ್ಯ ಕಸುಬುದಾರ ಕಟ್ಟುತ್ತಿದ್ದ ಮೊಹತರ್ಫಾ ಅವನನ್ನು ಒಳಗೆ ತರಲು ಸಾಕಾಗುವಂಥದಲ್ಲ. ಒಂದೇ ತೆರಿಗೆ ದೊಡ್ಡ ಅಂಗಡಿಯವನಿಗೆ ಪ್ರವೇಶಪತ್ರವಾಯಿತು, ತಿಗರಿ ಮಗ್ಗಗಳವನಿಗೆ ಬರಿಯ ಹೊರೆಯಾಗಿಯೇ ಉಳಿಯಿತು.

ವರ್ತಕರ ಸ್ಥಾನವೂ ಹಾಗೇ ಉಳಿಯಲಿಲ್ಲ. ಪದವೀಧರರು, ವಕೀಲರು, ಪತ್ರಕರ್ತರು ಬರತೊಡಗಿದರು. ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರಂಥ ಮೇಷ್ಟರು, ಪತ್ರಿಕೆ ನಡೆಸಿದವರು, ಸಭೆಯಲ್ಲಿ ಸರ್ಕಾರವನ್ನು ನಿಷ್ಠುರವಾಗಿ ಪ್ರಶ್ನಿಸಿದರು. ಅಹವಾಲಿನ ಜಾಗದಲ್ಲಿ ವಾದ ಬಂತು. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ತಡೆಯುವ 1894ರ ಕಾಯಿದೆಯ ಹಿಂದೆ ಈ ಸಭೆಯ ಬಿಸಿ ಚರ್ಚೆಗಳಿವೆ. ವ್ಯಾಪಾರಿ ತನ್ನ ಪೇಟೆಯ ರಸ್ತೆ, ತೆರಿಗೆಯ ಮಾತು ಆಡುತ್ತಲೇ ಇದ್ದ, ಆದರೆ ಸಭೆಯ ಭಾಷೆ ಈಗ ವಕೀಲರ ಭಾಷೆ. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಅದರ ಮೊದಲ ಅಧಿವೇಶನ ಜಗನ್ಮೋಹನ ಅರಮನೆಯಲ್ಲಿ, ದಿವಾನ್ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ. ಅದಕ್ಕೆ ಪ್ರಜಾಪ್ರತಿನಿಧಿ ಸಭೆಯಿಂದ ಹೋಗುತ್ತಿದ್ದವರು ಆಗ ಇಬ್ಬರೇ. ಮರುವರ್ಷ ಅದೇ ದಿವಾನರ ಕಾಲದಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆ ಬಂದು ವೆಂಕಟಕೃಷ್ಣಯ್ಯನವರು ಪತ್ರಿಕೆಗಳನ್ನೇ ನಿಲ್ಲಿಸಬೇಕಾಯಿತು. ಒಂದು ಕೈಯಲ್ಲಿ ಸಭೆ ಕೊಟ್ಟು ಇನ್ನೊಂದರಲ್ಲಿ ಸುದ್ದಿ ಕಿತ್ತುಕೊಂಡ ಆ ಕಾಲವನ್ನು ನಾನು ಸುಲಭವಾಗಿ ಕ್ಷಮಿಸಲಾರೆ.

ಯಾರು ಒಳಗಿದ್ದಾರೆ, ಯಾರು ಹೊರಗೆ ಎಂಬ ಪ್ರಶ್ನೆ ಬಹಿರಂಗವಾಗಿ ಎದ್ದದ್ದು 1917ರಲ್ಲಿ. ಮಹಾರಾಜಾ ಕಾಲೇಜಿನ ಸಿ. ಆರ್. ರೆಡ್ಡಿಯವರ ಪ್ರೋತ್ಸಾಹದಿಂದ ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಖಂಡರು ಸೇರಿ ಪ್ರಜಾಮಿತ್ರ ಮಂಡಳಿ ಕಟ್ಟಿದರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಬಿನ್ನವತ್ತಳೆ ಇಟ್ಟರು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಸಲ್ಲಬೇಕಾದ ಪಾಲನ್ನು ಕುರಿತು ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು, 1919ರಲ್ಲಿ ವರದಿ ಕೊಟ್ಟಿತು. ಈ ತಿರುವಿನ ಕಾಲದಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಈ ಪ್ರಸಂಗವನ್ನು ಜಾತಿಜಗಳವೆಂದು ಮುಗಿಸಿಬಿಡುವುದು ಅನ್ಯಾಯ. 1881ರ ಆಜ್ಞೆಯಲ್ಲಿ ಬಿಟ್ಟುಹೋದ ಸಾಲುಗಳನ್ನು ತುಂಬಿ ಎಂದು ಕೇಳಿದ ಮೊದಲ ಸಂಘಟಿತ ದನಿ ಅದು. ಆ ದನಿಯಲ್ಲೂ ಭೂಮಿಯುಳ್ಳ ಸಮುದಾಯಗಳದೇ ಮೇಲುಗೈ, ಕುಂಬಾರ ಕಮ್ಮಾರರ ದನಿ ಇನ್ನೂ ಕ್ಷೀಣ ಎಂಬುದೂ ಅಷ್ಟೇ ನಿಜ.

1923ರಲ್ಲಿ ದೊಡ್ಡ ಬದಲಾವಣೆ ಬಂತು. ತತ್ತ್ವಶಾಸ್ತ್ರದ ಪಂಡಿತರೂ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆಗಿದ್ದ ಬ್ರಜೇಂದ್ರನಾಥ ಸೀಲರ ಸಮಿತಿ ಸಂವಿಧಾನ ಸುಧಾರಣೆಯ ವರದಿ ಕೊಟ್ಟಿತು. ನಲವತ್ತು ವರ್ಷ ಬರಿಯ ಆಜ್ಞೆಯ ಮೇಲೆ ನಿಂತಿದ್ದ ಪ್ರಜಾಪ್ರತಿನಿಧಿ ಸಭೆಗೆ ಈಗ ಕಾಯಿದೆಯ ಬುನಾದಿ ಸಿಕ್ಕಿತು. ಸದಸ್ಯರ ಸಂಖ್ಯೆ 250. ನ್ಯಾಯವಿಧಾಯಕ ಸಭೆ 50. ಹೊಸ ತೆರಿಗೆ ಹಾಕುವ ಮೊದಲು ಸಭೆಯನ್ನು ಕೇಳಬೇಕು, ಮಸೂದೆಗಳ ಮೂಲತತ್ತ್ವವನ್ನು ಅದರ ಮುಂದಿಡಬೇಕು ಎಂದಾಯಿತು. ಮತದಾನಕ್ಕೆ ಹೆಣ್ಣೆಂಬ ಅಡ್ಡಿ ಹೋಯಿತು. ಅಲ್ಪಸಂಖ್ಯಾತರಿಗೆ, ಆಗ ನಿಮ್ನವರ್ಗವೆಂದು ಕರೆಯುತ್ತಿದ್ದವರಿಗೆ ಸ್ಥಾನ ಮೀಸಲಾಯಿತು. ವ್ಯಾಪಾರ ವಾಣಿಜ್ಯದ ಹಿತಕ್ಕೆ ಬೇರೆ ಪ್ರತಿನಿಧಿಗಳು ಬಂದರು. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಹುಟ್ಟಿದ ಮೈಸೂರು ವಾಣಿಜ್ಯ ಸಂಘ ಅಷ್ಟರಲ್ಲಿ ಬಲವಾಗಿ ಬೇರೂರಿತ್ತು. 1881ರಲ್ಲಿ ಮಂಡಿಯಿಂದ ಒಬ್ಬೊಬ್ಬನಾಗಿ ಬಂದ ವರ್ತಕ ಈಗ ಸಂಸ್ಥೆಯ ಬಲದಿಂದ ಬಂದ. ಕಂದಾಯದ ರಶೀದಿಯ ಅಳತೆ ಸಡಿಲವಾಯಿತು, ಹೋಗಲಿಲ್ಲ.

ಈ ಸಭೆಯ ಬೆಲೆ ಎಷ್ಟೆಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1936ರಲ್ಲಿ ಆಧುನಿಕ ಮೈಸೂರಿನ ಚರಿತ್ರೆ ಬರೆದ ಎಂ. ಶಾಮರಾಯರಂಥವರಿಗೆ ಅದು ಸಂಸ್ಥಾನದ ಹೆಮ್ಮೆ. 1970ರ ದಶಕದಲ್ಲಿ ಮೈಸೂರಿನ ರಾಜಕಾರಣವನ್ನು ಅಭ್ಯಸಿಸಿದ ಜೇಮ್ಸ್ ಮೇನರ್, ರಾಜಧಾನಿಯ ರಾಜಕೀಯಕ್ಕೂ ಹಳ್ಳಿಯ ಅಧಿಕಾರಕ್ಕೂ ಕೊಂಡಿಯೇ ಇರಲಿಲ್ಲ, ನಗರದ ಒಂದು ಸಣ್ಣ ವಲಯದೊಳಗೆ ಎಲ್ಲ ನಡೆಯುತ್ತಿತ್ತು ಎಂದರು. ಅದೇ ಕಾಲದ ಸ್ವೀಡನ್ನಿನ ವಿದ್ವಾಂಸ ಬ್ಯೋರ್ನ್ ಹೆಟ್ನೆ, ಬ್ರಿಟಿಷರ ಪರೋಕ್ಷ ಆಳ್ವಿಕೆಯ ಚೌಕಟ್ಟನ್ನು ಮರೆತು ಮಾದರಿ ಮೈಸೂರನ್ನು ಅರ್ಥಮಾಡಿಕೊಳ್ಳಲಾಗದು ಎಂದು ತೋರಿಸಿದರು. ಮೇನರ್ ಹೇಳಿದ್ದರಲ್ಲಿ ತಿರುಳಿದೆ. ಆದರೂ ಕೊಂಡಿ ಪೂರ್ತಿ ಇರಲಿಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಪ್ರತಿ ವರ್ಷ ದಸರೆಗೆ ತಾಲ್ಲೂಕಿನಿಂದ ಹೋದವನು ಹಿಂತಿರುಗಿದ ಮೇಲೆ ಸಂತೆಯಲ್ಲಿ, ಜಗಲಿಯಲ್ಲಿ, ಮಂಡಿಯಲ್ಲಿ ಮಾತಾಡಿಯೇ ಇರುತ್ತಾನೆ. ದಿವಾನರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಬಹುದು ಎಂಬ ಸಂಗತಿ ಜನಕ್ಕೆ ತಿಳಿದುಹೋದ ಮೇಲೆ ಅದನ್ನು ಯಾರೂ ಅಳಿಸಲಾರರು.

1938ರ ಏಪ್ರಿಲಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳು ವಿದುರಾಶ್ವತ್ಥದ ಗೋಲೀಬಾರು ನಡೆದ ಮೇಲೆ ಪ್ರಶ್ನೆ ಕೇಳುವುದಷ್ಟೇ ಯಾರಿಗೂ ಸಾಕಾಗಲಿಲ್ಲ. 1940ರ ಕಾಯಿದೆ ಪ್ರಜಾಪ್ರತಿನಿಧಿ ಸಭೆಯನ್ನು 310ಕ್ಕೂ ನ್ಯಾಯವಿಧಾಯಕ ಸಭೆಯನ್ನು 68ಕ್ಕೂ ಹಿಗ್ಗಿಸಿತು. ಜನರಿಗೆ ಬೇಕಾಗಿದ್ದದ್ದು ಜವಾಬ್ದಾರಿ ಸರ್ಕಾರ. 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ, ಅಕ್ಟೋಬರ್ ಕೊನೆಗೆ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ. 1949ರಲ್ಲಿ ಪ್ರಜಾಪ್ರತಿನಿಧಿ ಸಭೆ ಕೊನೆಗೊಂಡಿತು. ಅರವತ್ತೆಂಟು ವರ್ಷ ಬಾಳಿದ ಸಂಸ್ಥೆ ಅದು.

ಮೂರೇ ವರ್ಷದಲ್ಲಿ, 1951-52ರ ಮೊದಲ ಮಹಾಚುನಾವಣೆಯಲ್ಲಿ, 21 ತುಂಬಿದ ಪ್ರತಿಯೊಬ್ಬರಿಗೂ ಮತ ಬಂತು. ಎಷ್ಟು ಕಂದಾಯ ಕಟ್ಟುತ್ತೀ, ಎಷ್ಟು ಮೊಹತರ್ಫಾ ಕಟ್ಟುತ್ತೀ, ಏನು ಓದಿದ್ದೀ ಎಂದು ಕೇಳುವವರಿಲ್ಲ. ಕನೆಕ್ಟಿಕಟ್ಟಿನ ಚಮ್ಮಾರನಿಗೂ ಶಿವಮೊಗ್ಗದ ಮಂಡಿ ವರ್ತಕನಿಗೂ ಆಸ್ತಿಯ ಅಳತೆಯಲ್ಲಿ ತೆರೆದ ಬಾಗಿಲು ಮೈಸೂರಿನ ಕುಂಬಾರನಿಗೂ, ಅವನ ಹೆಂಡತಿಗೂ ಯಾವ ಅಳತೆಯೂ ಇಲ್ಲದೆ ತೆರೆದದ್ದು ಆಗ. ಇದು ಅಂಬೇಡ್ಕರ್ ಮೊದಲಾದವರು ಬರೆದ ಸಂವಿಧಾನದ ಕೊಡುಗೆ, ದಿವಾನರ ಆಜ್ಞೆಯದಲ್ಲ. ಅದನ್ನು ಗಟ್ಟಿಯಾಗಿ ಹೇಳಬೇಕು.

ಹಳೆಯ ಮನೆಯ ತೊಲೆಗಳು ಮಾತ್ರ ಹೊಸದರಲ್ಲಿ ಉಳಿದಿವೆ. ಕರ್ನಾಟಕ ವಿಧಾನ ಪರಿಷತ್ತು ತನ್ನ ವಯಸ್ಸನ್ನು 1907ರ ನ್ಯಾಯವಿಧಾಯಕ ಸಭೆಯಿಂದಲೇ ಎಣಿಸುತ್ತದೆ. ಅದರ 75 ಸ್ಥಾನಗಳಲ್ಲಿ ಏಳು ಪದವೀಧರರಿಗೆ, ಏಳು ಶಿಕ್ಷಕರಿಗೆ. ಆಸ್ತಿಯುಳ್ಳ ಪದವೀಧರನನ್ನು ಕರೆದ ಶೇಷಾದ್ರಿ ಅಯ್ಯರ್ ಕಾಲದ ನಿಯಮದ ನೆರಳು ಅದರಲ್ಲಿ ನನಗೆ ಕಾಣುತ್ತದೆ. ಹನ್ನೊಂದು ಮಂದಿಯನ್ನು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಯಿಂದ ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಕೈಕಸುಬನ್ನು ಆ ಸಾಲಿನಲ್ಲಿ ಯಾರೂ ಸೇರಿಸಿಲ್ಲ, ಸೇರಿಸಬೇಕಾಗಿತ್ತೆಂದು ನನ್ನ ನಂಬಿಕೆ. ಇನ್ನು 25 ಸ್ಥಾನ ಸ್ಥಳೀಯ ಸಂಸ್ಥೆಗಳದು. 1881ರಲ್ಲಿ ಲೋಕಲ್ ಫಂಡ್ ಸಮಿತಿಗಳಿಗೆ ಪ್ರತಿನಿಧಿಗಳನ್ನು ಆರಿಸಿ ಕಳಿಸಿ ಎಂದು ಬರೆದ ಕಡೆಯಲ್ಲಿ ಈಗ ಗ್ರಾಮ ಪಂಚಾಯಿತಿಗಳೂ ನಗರಸಭೆಗಳೂ ಇವೆ. ಮೈಸೂರು, ಚಾಮರಾಜನಗರ ಜಿಲ್ಲೆಗಳು ಸೇರಿದ ಆ ಕ್ಷೇತ್ರದಲ್ಲಿ, ಕುಂಬಾರಕೊಪ್ಪಲಿನ ಮತದಾರರು ಆರಿಸಿ ಕಳಿಸುವ ಪಾಲಿಕೆ ಸದಸ್ಯರಿಗೂ ಪರಿಷತ್ತಿನ ಚುನಾವಣೆಯಲ್ಲಿ ಒಂದು ಮತವಿದೆ.